ಒಂದಿಂಚು ದೊಡ್ಡ ಹಲ್ಲು

ಜನವರಿ 11, ಶನಿವಾರ

ನೂಲು, ಹುಕ್ಕು, ಲೈನಿಂಗ್ ಬಟ್ಟೆ ತರಲು ಕಡಬಕ್ಕೆ ಹೋಗಿದ್ದೆ. ಇವರು ಒಂದು ವಾರದಿಂದ "ಮಿಶಿನಿನ ಹಲ್ಲು ತರ್ಬೇಕು, ಹಲ್ಲು ತರ್ಬೇಕು" ಎಂದು ಜಪ ಮಾಡುತ್ತಿದ್ದರು. ಜಪ ಮಾಡಿದರೆ ಹಲ್ಲು ತಾನಾಗಿ ನಡೆದುಕೊಂಡು ಕೋಡಿಂಬಾಳಕ್ಕೆ ಬರುತ್ತದಾ? ಹೇಗೂ ಹೋಗುತ್ತೇನಲ್ಲ ಎಂದು ಮಿಶಿನಿನ ಸ್ಪೇರ್ ಮಾರುವ ಶಿಹಾಬನ ಅಂಗಡಿಗೆ ನಾನೇ ಹೋದೆ.

ಮರ ಕೊಯ್ಯುವ ಮಿಶಿನಿನವನ ಹೆಂಡತಿಯಾಗಿ ಇಷ್ಟು ವರ್ಷ ಕಳೆದರೂ ಈ ಹಲ್ಲು ಯಾವುದು ಎಂದು ನನಗೆ ಸರಿಯಾಗಿ ತಿಳಿದದ್ದು ಇವತ್ತು. ನಾನು ಸರಪಳಿಯ ಹಲ್ಲು ಅಂದುಕೊಂಡಿದ್ದೆ. ಅದಲ್ಲ. ಸರಪಳಿ ಸುತ್ತುವ ಉದ್ದ ಪಟ್ಟಿ ಶುರುವಾಗುವ ಬುಡದಲ್ಲಿ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಮುಳ್ಳು. ಅದನ್ನು ಮರಕ್ಕೆ ಕಚ್ಚಿಸಿ ಮಿಶಿನನ್ನು ಅದರ ಮೇಲೆ ಒತ್ತಿದರೆ ಕೈಗೆ ಭಾರ ಬೀಳುವುದಿಲ್ಲವಂತೆ.

ಶಿಹಾಬ್ ಎರಡು ನಮೂನೆ ತೋರಿಸಿದ. ಒಂದು ಪಾಪದ್ದು, ಮಕ್ಕಳ ಹಾಲುಹಲ್ಲಿನ ಹಾಗೆ. ಇನ್ನೊಂದು ನೋಡಿದರೇ ಹೆದರಿಕೆ ಆಗಬೇಕು, ಅಷ್ಟು ಉದ್ದ. "ಶೀಲಕ್ಕ, ಕೂಸಪ್ಪಣ್ಣನ ಮಿಶಿನಿಗೆ ಸಣ್ಣದು ಸಾಕು. ದೊಡ್ಡದು ಘಟ್ಟದಲ್ಲಿ ಹೆಮ್ಮರ ಕೊಯ್ಯುವವರಿಗೆ. ಇದು ಹಾಕಿದ್ರೆ ಪಟ್ಟಿ ಒಂದಿಂಚು ಗಿಡ್ಡ ಆದ ಹಾಗೆ. ಮತ್ತೆ, ಕಚ್ಚಿದ್ರೆ ಬೇಗ ಬಿಡುದಿಲ್ಲ" ಎಂದ.

ನನಗೆ ಅಳತೆ ಕಲಿಸಲು ಬರುತ್ತಾನೆ. ಈ ಊರಿನ ಅರ್ಧ ಮಕ್ಕಳ ಯೂನಿಫಾರ್ಮ್ ಹೊಲಿದವಳು ನಾನು. ಒಂದಿಂಚು ದೊಡ್ಡದು ಹೊಲಿದು ಒಳಗೆ ಮಡಚಿಡುವುದು ನನ್ನ ಕ್ರಮ. ದೊಡ್ಡದನ್ನು ಸಣ್ಣದು ಮಾಡಬಹುದು, ಸಣ್ಣದನ್ನು ಎಳೆದು ದೊಡ್ಡದು ಮಾಡಲಿಕ್ಕೆ ಆಗುತ್ತದಾ? ಅವನಿಗೂ ಅದನ್ನೇ ಹೇಳಿದೆ. "ಇದು ಬಟ್ಟೆ ಅಲ್ಲ ಅಕ್ಕ" ಎಂದು ತಲೆ ತುರಿಸಿಕೊಂಡ. "ಬೋಲ್ಟಿನ ತೂತು ಹೊಂದ್ತದಾ ಇಲ್ವಾ? ಹೊಂದ್ತದಲ್ಲ, ಕೊಡು ಮಾರಾಯ" ಎಂದೆ. ಕೊಟ್ಟ.

ಇವರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದೆಂತ ಮಾರಾಯ್ತಿ, ಹುಲಿಯ ಬಾಯಿಯಿಂದ ಕಿತ್ತುಕೊಂಡು ಬಂದಿಯಾ? ಶಿಹಾಬ ಇದನ್ನೇ ಕೊಟ್ಟನಾ?"

"ಹೌದು. ಇದೇ ಆಗ್ತದೆ ಅಂತ ಹೇಳಿದ" ಎಂದೆ. ಹಾಗೆ ಹೇಳದಿದ್ದರೆ ಸೋಮವಾರ ಪುನಃ ನನ್ನನ್ನೇ ಕಡಬಕ್ಕೆ ಓಡಿಸುತ್ತಿದ್ದರು. ಎರಡು ರವಕೆ ಬಾಕಿ ಉಂಟು, ನನಗೆ ಪುರುಸೊತ್ತು ಎಲ್ಲಿದೆ.

ಜನವರಿ 14, ಮಂಗಳವಾರ

ಹಲ್ಲು ಹಾಕಿ ಎರಡು ದಿನ ಕೆಲಸ ಮಾಡಿದರಂತೆ. ಊಟಕ್ಕೆ ಕೂತಾಗ "ಮಿಶಿನಿನ ಮೂತಿ ಗಿಡ್ಡ ಆಯ್ತು, ಮೊದಲು ಒಂದೇ ಸಲಕ್ಕೆ ಆಗುತ್ತಿದ್ದ ಮರಕ್ಕೆ ಈಗ ಎರಡು ಕಡೆಯಿಂದ ಹೋಗ್ಬೇಕು" ಎಂದರು. ಅವರ ತಾಯಿ, ನನ್ನ ಅತ್ತೆ, "ಹೊಸತಲ್ವಾ, ಅಭ್ಯಾಸ ಆಗ್ತದೆ" ಎಂದರು. ನಾನೂ ಹೌದು ಎಂದೆ. ಹೊಸ ಚಪ್ಪಲಿಯೂ ಮೊದಲು ಕಚ್ಚುತ್ತದೆ. ಗಂಡಸರಿಗೆ ಯಾವುದನ್ನೂ ಒಂದು ವಾರ ಸಹಿಸಿ ಗೊತ್ತಿಲ್ಲ.

ಜನವರಿ 18, ಶನಿವಾರ

ಪೆರಾಬೆಯಲ್ಲಿ ಇವರ ಕಾಲಿನ ಮೇಲೆ ದಿಮ್ಮಿ ಬಿದ್ದಿದೆ. ಪುತ್ತೂರಿನ ಆಸ್ಪತ್ರೆಯಲ್ಲಿದ್ದೇವೆ. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿದೆ. ನಾಳೆ ಬೆಳಿಗ್ಗೆ ಆಪರೇಶನ್. ಬರೆಯಲು ಆಗುವುದಿಲ್ಲ.

ಜನವರಿ 21, ಮಂಗಳವಾರ

ರಾಡ್ ಹಾಕಿದ್ದಾರೆ. ಪ್ರಾಣಕ್ಕೆ ಏನೂ ಇಲ್ಲ. ಡಾಕ್ಟರು "ಮಳೆಗಾಲ ಕಳೆಯುವ ತನಕ ಗುಡ್ಡ ಹತ್ತುವ ಮಾತು ಬೇಡ, ಮತ್ತೆ ನೋಡುವ" ಎಂದರು. ಮರ ಕೊಯ್ಯುವವನಿಗೆ ಗುಡ್ಡ ಹತ್ತಬೇಡ ಎಂದರೆ ಏನು ಉಳಿಯಿತು.

ಜೊತೆಗೆ ಕೆಲಸಕ್ಕಿದ್ದ ಸರ್ವೋತ್ತಮ ಬಂದಿದ್ದ. ಹೇಗಾಯ್ತು ಎಂದು ನನಗೆ ತಿಳಿದದ್ದು ಅವನಿಂದ. ಬೀಳಿಸಿದ ರಬ್ಬರ್ ಮರವನ್ನು ಇಳಿಜಾರಿನಲ್ಲಿ ತುಂಡು ಮಾಡುತ್ತಿದ್ದರಂತೆ. ಹಲ್ಲು ಬುಡದ ತನಕ ಕಚ್ಚಿಕೊಂಡಿತ್ತು. ದಿಮ್ಮಿ ಒಮ್ಮೆಲೇ ಮಗುಚಿತು. ಇವರು ಮಿಶಿನನ್ನು ಹಿಂದೆ ಎಳೆದರೆ ಅದು ಬಿಡಲಿಲ್ಲ. ದಿಮ್ಮಿಯ ಜೊತೆಗೆ ಮಿಶಿನ್, ಮಿಶಿನಿನ ಜೊತೆಗೆ ಇವರು. "ಸಣ್ಣ ಹಲ್ಲಾಗಿದ್ರೆ ಎಳೆದ ಕೂಡ್ಲೇ ಬರ್ತಿತ್ತು ಅಕ್ಕ" ಎಂದ ಸರ್ವೋತ್ತಮ. ಅವನು ಸುಮ್ಮನೆ ಹೇಳಿದ್ದು. ನನಗೆ ಆ ಬೆಂಚಿನಲ್ಲಿ ಕೂರಲಾಗಲಿಲ್ಲ, ನೀರಿನ ಬಾಟಲಿ ತುಂಬಿಸುವ ನೆಪದಲ್ಲಿ ಎದ್ದು ಹೋದೆ.

ನಾನು ವಾಪಸು ಬರುವಾಗ ಇವರ ತಮ್ಮ ಜಯಪ್ರಕಾಶ್ ಮಂಚದ ಹತ್ತಿರ ನಿಂತು ಕೇಳುತ್ತಿದ್ದ, "ಅಣ್ಣಾ, ಆ ಹಲ್ಲು ನಿಮಗೆ ಕೊಟ್ಟದ್ದು ಯಾರು?"

"ಶಿಹಾಬ. ಇದೇ ಆಗ್ತದೆ ಅಂತ ಹೇಳಿದನಂತೆ" ಎಂದರು ಇವರು.

ಜಯಪ್ರಕಾಶ್ ನನ್ನ ಮುಖ ನೋಡಿದ. "ಹೌದಾ ಅತ್ತಿಗೆ?"

ಹೌದು ಎಂದೆ. ಆ 'ಅಂತೆ' ನನ್ನ ಬಾಯಿಂದಲೇ ಹೋದದ್ದು. ಆಗ ಹಿಂದೆ ತೆಗೆದುಕೊಳ್ಳಬಹುದಿತ್ತು. ಆದರೆ ಇವರ ಕಾಲು ಆ ಬ್ಯಾಂಡೇಜಿನಲ್ಲಿ ಕಂಬದ ಹಾಗೆ ಇರುವಾಗ, ಅಲ್ಲ, ನಾನೇ ಹಟ ಮಾಡಿ ತಂದದ್ದು ಎಂದು ಹೇಳಲು ಯಾವ ಬಾಯಿ ಬೇಕು? ಮತ್ತೆ ಅವನೂ ಹಾಗೆ ಕೊಡಬಾರದಿತ್ತು. ಬೇಡ ಎಂದಾದರೆ ಕೊಡುವುದು ಯಾಕೆ? ಅಂಗಡಿ ಇಟ್ಟವನಿಗೆ ಜವಾಬ್ದಾರಿ ಬೇಡವಾ?

ಜನವರಿ 29, ಬುಧವಾರ

ಮನೆಗೆ ಬಂದೆವು. ಇವರನ್ನು ಚಾವಡಿಯ ಮಂಚದಲ್ಲಿ ಮಲಗಿಸಿದ್ದೇವೆ. ಹೊಲಿಗೆ ಮಿಶಿನ್ ಅಲ್ಲೇ ಹತ್ತಿರ ಇದೆ. ನಾನು ಹೊಲಿಯುತ್ತೇನೆ, ಇವರು ಮಾಡಿನ ಹಂಚು ನೋಡುತ್ತಾರೆ.

ಜಯಪ್ರಕಾಶ್ ನಿನ್ನೆ ಮರದ ಕೆಲಸದವರ ವಾಟ್ಸಪ್ ಗ್ರೂಪಿನಲ್ಲಿ ಮಾತಾಡಿ ಹಾಕಿದ್ದಾನೆ. ಇವರ ಫೋನಿನಲ್ಲಿ ನನಗೂ ಕೇಳಿಸಿದ. "ಕಡಬದಲ್ಲಿ ಶಿಹಾಬನ ಅಂಗಡಿಯಿಂದ ಸ್ಪೇರ್ ತೆಗೊಳ್ಳುವವರು ಜಾಗ್ರತೆ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳಿ ಕೊಟ್ಟು ನನ್ನ ಅಣ್ಣನ ಕಾಲು ತೆಗ್ದಿದ್ದಾನೆ." ಕೆಳಗೆ ಜನ ಒಬ್ಬರ ಹಿಂದೆ ಒಬ್ಬರು. ನನಗೂ ಹಾಗೇ ಆಗಿತ್ತು ಎಂದು ಒಬ್ಬ. ಅವರೇ ಹಾಗೆ ಎಂದು ಇನ್ನೊಬ್ಬ. ಅವರು ಎಂದರೆ ಯಾರು ಎಂದು ಎಲ್ಲರಿಗೂ ಗೊತ್ತು.

ಇವರು ಯಾರನ್ನೂ ಬೈಯುವ ಮನುಷ್ಯ ಅಲ್ಲ. ಇವತ್ತು ಕಾಲು ನೋಯುವಾಗ ಶಿಹಾಬನ ಹೆಸರು ಹಿಡಿದು ಬೈದರು, ಕೆಟ್ಟ ಮಾತು. ನಾನು ಕೇಳಿಸದವಳ ಹಾಗೆ ಹೊಲಿಗೆ ಮಿಶಿನಿನ ಮೆಟ್ಟು ತುಳಿದೆ.

ಫೆಬ್ರವರಿ 3, ಸೋಮವಾರ

ನೂಲು ಮುಗಿದಿತ್ತು. ಕಡಬದಲ್ಲಿ ಬಸ್ಸಿಳಿದು ರಸ್ತೆಯ ಆಚೆ ಬದಿಯಲ್ಲೇ ಸೆರಗು ತಲೆಗೆ ಎಳೆದುಕೊಂಡು ಹೋದೆ, ಬಿಸಿಲಿಗೆ ಎಂಬ ಹಾಗೆ. ಕಳ್ಳಿಯ ನಡಿಗೆ ಕಾಲಿಗೆ ಎಷ್ಟು ಬೇಗ ಬರುತ್ತದೆ. ಶಿಹಾಬನ ಅಂಗಡಿಯ ಮುಂದೆ ಈ ಸಮಯದಲ್ಲಿ ಮಿಶಿನ್ ಹಿಡಿದವರು ಸಾಲಾಗಿ ನಿಂತಿರುತ್ತಿದ್ದರು. ಇವತ್ತು ಯಾರೂ ಇಲ್ಲ. ಅವನು ಸ್ಟೂಲಿನಲ್ಲಿ ಕೂತು ಒಂದೇ ಬೋಲ್ಟನ್ನು ಉಜ್ಜುತ್ತಿದ್ದ.

ಕಂಡುಬಿಟ್ಟ. ರಸ್ತೆ ದಾಟಿ ಬಂದ. "ಶೀಲಕ್ಕ, ಅಣ್ಣ ಹೇಗಿದ್ದಾರೆ? ಆಸ್ಪತ್ರೆಗೆ ಬರುವ ಅಂತ ಹೊರಟೆ, ಜಯಪ್ರಕಾಶ್ ಗೇಟಿನಲ್ಲೇ ನಿಲ್ಲಿಸಿದ್ರು."

"ಪರವಾಗಿಲ್ಲ" ಎಂದೆ.

ನಾನು ಬೇಡ ಹೇಳಿದ್ದೆ ಅಲ್ವಾ ಎಂದು ಕೇಳುತ್ತಾನೆ ಅಂತ ಕಾದೆ. ಕೇಳಿದ್ದರೆ ಜಗಳ ಮಾಡಲು ಮಾತು ಕೂಡ ಜೋಡಿಸಿಟ್ಟುಕೊಂಡಿದ್ದೆ. ಅವನು ಕೇಳಲಿಲ್ಲ. "ನಾನು ಕೊಡ್ಬಾರ್ದಿತ್ತು ಅಕ್ಕ. ನೀವು ಎಷ್ಟು ಹೇಳಿದ್ರೂ ಕೊಡ್ಬಾರ್ದಿತ್ತು" ಎಂದಷ್ಟೇ ಹೇಳಿ ಹೋದ. ಮನೆಗೆ ಬಂದು ನೋಡಿದರೆ ನೂಲು ತರಲು ಮರೆತಿದ್ದೇನೆ.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಅತ್ತೆ "ಒಂದು ತುಂಡು ಕೆಂಪು ಬಟ್ಟೆ ಉಟ್ಟಾ?" ಎಂದು ಕೇಳಿದರು. ಉಂಟಾ ಎನ್ನಲು ಅವರ ಅರೆಭಾಷೆಯಲ್ಲಿ ಹಾಗೆ. ದರ್ಜಿಯ ಮನೆಯಲ್ಲಿ ಬಟ್ಟೆಯ ತುಂಡಿಗೆ ಬರವಾ? ಅಂಚು ಕೂಡ ಮಡಚಿ ಹೊಲಿದು ಕೊಟ್ಟೆ. ಎಂತಕ್ಕೆ ಎಂದು ಕೇಳಲಿಲ್ಲ.

ಸಂಜೆ ದೀಪ ಇಡುವಾಗ ನೋಡುತ್ತೇನೆ, ನಮ್ಮ ಮನೆಯ ದೈವ ಗುಳಿಗನ ಕಟ್ಟೆಯ ಮೇಲೆ ಅದೇ ಕೆಂಪು ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ಇಟ್ಟಿದ್ದಾರೆ. ಅತ್ತೆ ಕೈ ಮುಗಿದು ಗಟ್ಟಿಯಾಗಿಯೇ ಹೇಳಿದರು: "ನನ್ನ ಮಗನಿಗೆ ಆ ಹಲ್ಲು ಕೊಟ್ಟವನನ್ನು ನೀನೇ ನೋಡಿಕೋ. ನಮ್ಮ ಕೈಯಲ್ಲಿ ಆಗುದಿಲ್ಲ. ಆಟಿ ತಿಂಗಳು ಬರುವ ಮೊದಲು ಗೊತ್ತಾಗ್ಬೇಕು ಅವನಿಗೆ."

ನನ್ನ ಕೈಯಲ್ಲಿದ್ದ ಎಣ್ಣೆ ನೆಲಕ್ಕೆ ಚೆಲ್ಲಿತು. "ನಿನಗೆಂತ ಆಯ್ತು?" ಎಂದರು ಅತ್ತೆ. ಏನಿಲ್ಲ ಎಂದೆ.

ಫೆಬ್ರವರಿ 8, ಶನಿವಾರ

'ಕೊಟ್ಟವನು' ಎಂದಿದ್ದಾರೆ. ಇವರ ಕೈಗೆ ಹಲ್ಲು ಕೊಟ್ಟದ್ದು ನಾನು. ನನಗೆ ಕೊಟ್ಟದ್ದು ಶಿಹಾಬ. ಗುಳಿಗ ಮಾತು ಹಿಡಿದು ಹೋಗುತ್ತದಾ, ಮನಸ್ಸು ನೋಡಿ ಹೋಗುತ್ತದಾ? ಮನಸ್ಸು ನೋಡಿದರೆ ಬರುವುದು ನನ್ನ ಹತ್ತಿರ. ಬರಲಿ, ಅನುಭವಿಸುತ್ತೇನೆ. ಮಾತು ಹಿಡಿದು ಹೋದರೆ? 'ವನು' ಎಂದಿದ್ದಾರಲ್ಲ, 'ವಳು' ಎನ್ನಲಿಲ್ಲ. ಶಿಹಾಬನ ಹೆಂಡತಿ ಜಸೀನಾಗೆ ಈಗ ಏಳು ತಿಂಗಳು. ಅವಳ ದೊಗಲೆ ನೈಟಿ ಹೊಲಿದು ಕೊಟ್ಟದ್ದೂ ನಾನೇ.

ಹೊಲಿಯಲು ಕೂತವಳು ತೋಳನ್ನು ಉಲ್ಟಾ ಸೇರಿಸಿದೆ. ಬಿಚ್ಚಿ ಪುನಃ ಹೊಲಿದೆ, ಪುನಃ ಉಲ್ಟಾ.

ಫೆಬ್ರವರಿ 12, ಬುಧವಾರ

ಇವತ್ತು ನಾನು ಮಾಡಿದ್ದನ್ನು ಬರೆಯದಿದ್ದರೆ ನಾಳೆ ಅದನ್ನೂ ಬೇರೆ ರೀತಿ ನೆನಪು ಮಾಡಿಕೊಳ್ಳುತ್ತೇನೆ. ಹಾಗಾಗಿ ಇದ್ದ ಹಾಗೆ ಬರೆಯುತ್ತೇನೆ.

ಶಿಹಾಬನ ತಾಯಿ ಜೈನಬಮ್ಮ ಬಂದರು. ಮಂಡಿನೋವು ಇಟ್ಟುಕೊಂಡು, ಬಸ್ಸಿನಿಂದ ನಮ್ಮ ಏರು ಹತ್ತಿ, ಒಬ್ಬರೇ. ನಾನು ಮದುವೆಯಾಗಿ ಬಂದ ವರ್ಷದಿಂದ ಅವರ ಕುಪ್ಪಸ ಹೊಲಿಯುತ್ತಿದ್ದೇನೆ. ಹೊಲಿಗೆ ಮಿಶಿನ್ ತೆಗೆದಾಗ ಮೊದಲ ಬಟ್ಟೆ ಕೊಟ್ಟವರೇ ಅವರು. ಅತ್ತೆ ಅವರನ್ನು ನೋಡಿ ಒಳಗೆ ಹೋದರು. ಇವರು ಮಾತಾಡಿಸಲಿಲ್ಲ, ಗೋಡೆಯ ಕಡೆಗೆ ತಿರುಗಿ ಮಲಗಿದರು.

ಜೈನಬಮ್ಮ ಅಂಗಳದಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. "ಶೀಲಾ, ನನ್ನ ಮಗ ತಪ್ಪು ಮಾಡಿದ. ನಾನು ಎಷ್ಟು ಕೇಳಿದ್ರೂ 'ನಾನು ಕೊಟ್ಟದ್ದರಿಂದ ಆದ್ದು ಉಮ್ಮ' ಅಂತ ಹೇಳ್ತಾನೆ, ಮತ್ತೆ ಬಾಯಿ ಬಿಡುದಿಲ್ಲ. ಅನ್ನ ಸರಿ ಉಣ್ಣುದಿಲ್ಲ. ನೀನು ಅವನನ್ನು ಸಣ್ಣದರಿಂದ ನೋಡಿದವಳು. ಶಾಪ ಹಾಕ್ಬೇಡ. ಮನೆಯಲ್ಲಿ ಬಸುರಿ ಹೆಂಗಸು ಉಂಟು. ಕ್ಷಮಿಸಿದ್ದೇನೆ ಅಂತ ಒಂದು ಮಾತು ಹೇಳು."

ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಜೈನಬಮ್ಮ ನನ್ನ ಕೈ ಬಿಡಲಿಲ್ಲ.

"ಆಯ್ತು ಜೈನಬಮ್ಮ. ಕ್ಷಮಿಸಿದ್ದೇನೆ" ಎಂದೆ.

ಕ್ಷಮಿಸಿದೆ. ನಾನು. ಅವರ ಕಣ್ಣಿನಲ್ಲಿ ನೀರು ಬಂತು, ನನ್ನ ಕೆನ್ನೆ ಸವರಿ, "ನೀನು ದೊಡ್ಡ ಮನಸ್ಸಿನವಳು" ಎಂದು ಹೇಳಿ ಏರು ಇಳಿದು ಹೋದರು.

ಫೆಬ್ರವರಿ 13, ಗುರುವಾರ

ಹೊಲಿಯಲಿಲ್ಲ.

ಫೆಬ್ರವರಿ 16, ಭಾನುವಾರ

ತಪ್ಪುಕಾಣಿಕೆ ಹಾಕಿಬಿಡುವ ಎಂದು ನಿಶ್ಚಯ ಮಾಡಿದೆ. ದೈವಕ್ಕೆ ತಪ್ಪಾಯ್ತು ಎಂದು ಒಂದು ನಾಣ್ಯ ಇಟ್ಟರೆ ಅದು ಕೇಳುತ್ತದೆ, ಮನುಷ್ಯರ ಹಾಗೆ ಹತ್ತು ಪ್ರಶ್ನೆ ಹಾಕುವುದಿಲ್ಲ. ಅತ್ತೆ ಹಾಲು ಕೊಡಲು ಹೋದದ್ದನ್ನು ನೋಡಿ ಕಟ್ಟೆಯ ಹತ್ತಿರ ಹೋದೆ. ನಾಣ್ಯ ಇಟ್ಟೆ. "ಕೊಟ್ಟವನು ಅಲ್ಲ, ತಂದವಳು. ಆ ಮನೆಗೆ ಹೋಗಬೇಡ" ಎಂದೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆ. ಡಬ್ಬಿಯ ಮುಚ್ಚಳ ಮರೆತು ವಾಪಸು ಬಂದಿದ್ದರು.

"ನೀನು ಯಾಕೆ ತಪ್ಪುಕಾಣಿಕೆ ಹಾಕುದು?"

ಸುಳ್ಳು ಹುಡುಕಿದೆ. ಸಿಗಲಿಲ್ಲ. ಗುಳಿಗನ ಎದುರು ನಿಂತು ಅಷ್ಟು ಧೈರ್ಯ ನನಗಿಲ್ಲ. ಎಲ್ಲವನ್ನೂ ಹೇಳಿದೆ. ಶಿಹಾಬ ಬೇಡ ಎಂದದ್ದು, ನಾನು ಹಟ ಮಾಡಿದ್ದು, ಇವರ ಹತ್ತಿರ ಅವನೇ ಹೇಳಿದ ಎಂದು ಹೇಳಿದ್ದು.

ಅತ್ತೆ ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ನಿಂತಿದ್ದೆ. ಅವರು ಕಟ್ಟೆಯ ಕಲ್ಲಿನ ಮೇಲೆ ಕೂತರು. "ಅಯ್ಯೋ ದೇವರೇ, ನನ್ನ ಮನೆಯವಳ ಮೇಲೆಯೇ ನಾನು ಮುಡಿಪು ಕಟ್ಟಿದೆನಾ" ಎಂದು ಆ ಕೆಂಪು ಗಂಟನ್ನು ಬಿಚ್ಚಲು ಹೊರಟರು. ಗಂಟು ಬಿಗಿದಿತ್ತು, ನಾನೇ ಬಿಚ್ಚಿ ಕೊಟ್ಟೆ. ದೈವದ ಹತ್ತಿರ ಏನೇನೋ ಮಾತಾಡಿದರು, ಕೋಳಿ ಕೊಡುತ್ತೇನೆ ಎಂದರು, ಕಣ್ಣೊರಸಿಕೊಂಡು ಎದ್ದರು.

"ಇಲ್ಲಿಗೆ ಮುಗಿಯಿತು. ಇನ್ನು ಯಾರ ಮೇಲೂ ಬರುದಿಲ್ಲ. ನನ್ನ ಮಗನಿಗೆ ಹೇಳ್ಬೇಡ. ಅವನು ಮಲಗಿದಲ್ಲೇ ಇರುವವನು, ನಿನ್ನ ಮೇಲೆ ಮನಸ್ಸು ಕೆಟ್ಟರೆ ಏಳುದು ಹೇಗೆ? ಜಯಪ್ರಕಾಶನಿಗೆ ಗೊತ್ತಾದ್ರೆ ಊರೆಲ್ಲ ಡಂಗುರ. ಸುಮ್ಮನೆ ಇದ್ದುಬಿಡು."

ಇಷ್ಟು ಹಗುರ ನಾನು ಈ ತಿಂಗಳಲ್ಲಿ ಆಗಿರಲಿಲ್ಲ. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡೆ.

ಫೆಬ್ರವರಿ 18, ಮಂಗಳವಾರ

ಹಗುರ ಎರಡು ದಿನ ಇತ್ತು. ಸರ್ವೋತ್ತಮ ಇವರನ್ನು ನೋಡಲು ಬಂದವನು, ಶಿಹಾಬ ಅಂಗಡಿ ಬಿಟ್ಟು ಪುನಃ ಗಲ್ಫಿಗೆ ಹೋಗುವ ಯೋಚನೆಯಲ್ಲಿದ್ದಾನಂತೆ ಎಂದ. ಹೆರಿಗೆಯ ತನಕವೂ ಕಾಯುವುದಿಲ್ಲವಂತೆ. "ಹೋಗ್ಲಿ, ಇಲ್ಲಿ ಯಾರ ಕಾಲು ತೆಗಿಲಿಕ್ಕೆ ಇರುದು" ಎಂದರು ಇವರು.

ದೈವದ ಹೆದರಿಕೆ ಹೋಗಿದೆ. ಆದರೂ ಸೂಜಿ ಮುಂದೆ ಹೋಗಲಿಲ್ಲ. ಹಾಗಾದರೆ ಇಷ್ಟು ದಿನ ನಾನು ಹೆದರಿದ್ದು ಗುಳಿಗನಿಗೆ ಅಲ್ಲವಾ?

ಸರ್ವೋತ್ತಮ ಹೋದ ಮೇಲೆ ಮಂಚದ ಹತ್ತಿರ ಕೆಳಗೆ ಕೂತೆ. ಹೇಳಿದೆ. ಹೇಗೆ ಶುರು ಮಾಡಿದೆನೋ ಗೊತ್ತಿಲ್ಲ, ಮಧ್ಯದಿಂದ ಶುರು ಮಾಡಿರಬೇಕು.

ಇವರು ಮಾಡು ನೋಡಿಕೊಂಡೇ ಹೇಳಿದರು. "ಹಲ್ಲು ದೊಡ್ಡದಾಯ್ತು ಅಂತ ನೋಡುವಾಗಲೇ ನನಗೆ ಗೊತ್ತಾಗಿತ್ತು. ಶಿಹಾಬ ಹೇಳಿದ್ದಾನಲ್ಲ ಅಂತ ಹಾಕಿದೆ. ನೀನು ಹೇಳಿದ್ದು ಅಂತ ಗೊತ್ತಿದ್ರೆ ಹಾಕ್ತಿರ್ಲಿಲ್ಲ."

"ಹೌದು" ಎಂದೆ.

"ಕಾಲು ಬಿಡು. ಇಳಿಜಾರಿನಲ್ಲಿ ಕೆಳಬದಿಗೆ ನಿಂತದ್ದು ನಾನೇ. ಅದು ನನ್ನ ತಪ್ಪು. ಆದ್ರೆ ಶೀಲಾ, ನಾನು ಯಾರಿಗೂ ಬಾಯಿಗೆ ಬಂದ ಹಾಗೆ ಬೈದವನಲ್ಲ. ಆ ಹುಡುಗನನ್ನು ನನ್ನ ಬಾಯಲ್ಲಿ ನೀನು ಬೈಸಿದೆ. ಪಕ್ಕದಲ್ಲಿ ಕೂತು ಕೇಳಿದೆ. ಅವನ ಉಮ್ಮ ಏರು ಹತ್ತಿ ಬಂದಾಗ ನಾನು ಗೋಡೆ ನೋಡಿ ಮಲಗಿದೆ. ಅದನ್ನೂ ನೀನು ನೋಡಿದೆ." ಅಷ್ಟು ಹೇಳಿ ತೋಳಿನಲ್ಲಿ ಕಣ್ಣು ಮುಚ್ಚಿಕೊಂಡರು. ಕಾಲಿಗೆ ರಾಡ್ ಹಾಕಿದ ದಿನವೂ ಅಳದವರು ಅತ್ತರು.

ನನಗೆ ಸಮಾಧಾನ ಮಾಡುವ ಮುಖ ಇರಲಿಲ್ಲ. ಅಲ್ಲೇ ಕೂತಿದ್ದೆ.

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಇವರು ಆ ಗ್ರೂಪಿನಲ್ಲಿ ತಾನೇ ಮಾತಾಡುತ್ತೇನೆ ಎಂದು ಫೋನ್ ತೆಗೆದರು. "ನಾನು ಮಾತಾಡ್ಲಾ?" ಎಂದು ಕೇಳಿದೆ. ಕೊಟ್ಟರು. ಗ್ರೂಪಿನಲ್ಲಿ ಇರುವವರೆಲ್ಲ ಗಂಡಸರು. ಮಾತಾಡಿ ಮೂರು ಸಲ ಅಳಿಸಿದೆ.

"ನಾನು ಕೂಸಪ್ಪಣ್ಣನ ಹೆಂಡತಿ ಶೀಲಾವತಿ. ಆ ದೊಡ್ಡ ಹಲ್ಲು ಬೇಡ ಅಂತ ಶಿಹಾಬ್ ಹೇಳಿದ್ದ. ಹಟ ಮಾಡಿ ತಂದದ್ದು ನಾನು. ಅವನೇ ಹೇಳಿದ ಅಂತ ಸುಳ್ಳು ಹೇಳಿದ್ದೂ ನಾನು. ಅವನನ್ನು ಬೈದವರು ಆ ಬೈಗುಳವನ್ನು ನನಗೆ ಬೈಯಿರಿ." ಅಷ್ಟೇ.

ಬೈದರು. ಜಯಪ್ರಕಾಶ್ ಮನೆಗೇ ಬಂದು ಬೈದ, "ನನ್ನ ಮುಖಕ್ಕೆ ಮಸಿ ಬಳಿದಿರಿ ಅತ್ತಿಗೆ" ಎಂದ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ರವಕೆ ಕೊಟ್ಟಿದ್ದ ಇಬ್ಬರು ಬಟ್ಟೆ ವಾಪಸು ಕೊಂಡುಹೋದರು.

ಸಂಜೆ ಶಿಹಾಬ ಫೋನ್ ಮಾಡಿದ. "ಅಷ್ಟೆಲ್ಲ ಎಂತಕ್ಕೆ ಶೀಲಕ್ಕ, ನಾನೂ ಕೊಡ್ಬಾರ್ದಿತ್ತಲ್ಲ" ಎಂದ. ಫೋನ್ ಇಡುವ ಮೊದಲು, "ಉಮ್ಮನ ಹತ್ರ ಮಾತ್ರ ನೀವೇ ಬಂದು ಹೇಳ್ಬೇಕು. ಅವರಿಗೆ ವಾಟ್ಸಪ್ ಎಲ್ಲ ಇಲ್ಲ. ನಾನು ಹೇಳಿದ್ರೆ, ತಪ್ಪನ್ನು ಹೆಂಗಸಿನ ಮೇಲೆ ಹಾಕ್ತಿಯಾ ಅಂತ ನನಗೇ ಬೈತಾರೆ" ಎಂದ.

ಫೆಬ್ರವರಿ 22, ಶನಿವಾರ

ಹೋಗಿದ್ದೆ. ಇವರು ನಡೆಯುವ ಸ್ಟ್ಯಾಂಡ್ ಹಿಡಿದುಕೊಂಡು ಬಾಗಿಲ ತನಕ ಬಂದು ನಿಂತರು, ಬೇಗ ಬಾ ಎಂದರು. ಬುಧವಾರದ ನಂತರ ಇವರಾಗಿ ಮಾತಾಡಿದ್ದು ಇದೇ.

ಜೈನಬಮ್ಮ ಜಗಲಿಯಲ್ಲಿ ಒಣಮೆಣಸಿನ ತೊಟ್ಟು ತೆಗೆಯುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. "ಬಾ ಬಾ ಶೀಲಾ, ನೀನು ಬರ್ತಿ ಅಂತ ಗೊತ್ತಿದ್ರೆ ಏನಾದ್ರೂ ಮಾಡಿಡ್ತಿದ್ದೆ. ಜಸೀನಾ, ಯಾರು ಬಂದದ್ದು ನೋಡು" ಎಂದು ಏಳಲು ಹೊರಟರು. ಏಳಬೇಡಿ, ಮೊದಲು ಕೇಳಿ ಎಂದೆ. ನಿಂತುಕೊಂಡೇ ಹೇಳಿದೆ. ಏನನ್ನೂ ಒಳಗೆ ಮಡಚಲಿಲ್ಲ.

ಕೇಳುತ್ತಾ ಕೇಳುತ್ತಾ ಅವರ ಕೈ ಮೆಣಸಿನ ಮೇಲೆ ನಿಂತಿತು. ಮುಗಿದ ಮೇಲೆ ಕೇಳಿದರು, "ಆ ದಿನ ನಾನು ಕೈ ಹಿಡಿಯುವಾಗಲೂ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ನನ್ನ ಮಗನಿಗೆ ಮನೆಗೆ ಬಂದು ಹೇಳಿದೆ, ನೋಡು, ಆ ಹೆಂಗಸು ನಿನ್ನನ್ನು ಕ್ಷಮಿಸಿದಳು ಅಂತ. ಅವನು ಸುಮ್ಮನೆ ತಲೆ ತಗ್ಗಿಸಿದ. ಆಗಲೂ ನಾನು ಅವನಿಗೇ ಬೈದೆ."

ನಾನು ಕೈ ಮುಗಿದೆ. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು. ಹೇಳಲಿಲ್ಲ. ನಾನು ಹೇಳಬೇಕಾಗಿದ್ದ ಆ ಮಾತನ್ನು ಆ ದಿನ ಅವರ ಬಾಯಿಂದ ಹೇಳಿಸಿಯಾಗಿದೆ.

ಜಸೀನಾ ಬಾಗಿಲಲ್ಲಿ ಬಂದು ನಿಂತವಳು ತನ್ನ ಅತ್ತೆಯ ಮುಖ ನೋಡಿ ಒಳಗೆ ಹೋದಳು. ಜೈನಬಮ್ಮ ಮೆಣಸನ್ನು ಮೊರದ ಒಂದು ಬದಿಗೆ ಸರಿಸಿದರು, ಪುನಃ ಇನ್ನೊಂದು ಬದಿಗೆ ಸರಿಸಿದರು. ಮತ್ತೆ ನನ್ನನ್ನು ನೋಡದೆ ಹೇಳಿದರು, "ಇವತ್ತು ನೀವು ಹೋಗಿ. ಇನ್ನೊಂದು ದಿನ ಬನ್ನಿ."

ಇಷ್ಟು ವರ್ಷದಲ್ಲಿ ಜೈನಬಮ್ಮ ನನಗೆ 'ನೀವು' ಎಂದದ್ದು ಇದೇ ಮೊದಲು.

ಯಾವ ದಿನ ಎಂದು ನಾನು ಕೇಳಲಿಲ್ಲ. ಅದನ್ನು ಅವರೇ ಹೇಳಬೇಕು.